ಕಾದಿದ್ದೂ ಜಾಸ್ತಿ, ತಿಳಿದಿದ್ದೂ ಜಾಸ್ತಿ (3/5)
ತಮ್ಮನ ಕುತ್ತಿಗೆ ಎರಡು ವರ್ಷದಿಂದ ತಾನಾಗೇ ತಿರುಚಿಕೊಳ್ಳುತ್ತಿದೆ. ಡಿಸ್ಟೋನಿಯಾ ಎಂದರು ಡಾಕ್ಟರು. ಜೀನ್ ಪರೀಕ್ಷೆಗೆ ಜಯನಗರದ ಒಂದು ಸೆಂಟರ್‌ಗೆ ಹೋದೆವು. ರಿಪೋರ್ಟ್ ದಿನ ಹನ್ನೊಂದಕ್ಕೆ ಬನ್ನಿ ಎಂದವರು ಕರೆದದ್ದು ಒಂದೂವರೆಗೆ. ಕೌಂಟರ್‌ನವರು 'ನೆಗೆಟಿವ್, ಏನೂ ಇಲ್ಲ ಸರ್' ಎಂದು ಕವರ್ ಕೈಗಿಟ್ಟರು. ಅದಕ್ಕೇ ಎರಡು ಸ್ಟಾರ್ ಕಟ್.

ಉಳಿದ ಮೂರೂ ರಿಪೋರ್ಟ್ ಬಿಡಿಸಿ ಹೇಳಿದ ಜೆನೆಟಿಕ್ ಕೌನ್ಸೆಲರ್ ಮೇಡಂಗೆ. ನಮ್ಮ ಡಿಎನ್‌ಎಯ ಸುಮಾರು ಅರ್ಧದಷ್ಟು ಭಾಗ ಜಾಗದಿಂದ ಜಾಗಕ್ಕೆ ಜಿಗಿಯುವ ತುಣುಕುಗಳದ್ದಂತೆ! ಹೆಚ್ಚಿನವು ಈಗ ಕದಲುವುದಿಲ್ಲ. ವಿಜ್ಞಾನಿ ಬಾರ್ಬರಾ ಮೆಕ್ಲಿಂಟಾಕ್ ಇವನ್ನು ಕಂಡದ್ದು ಮುಸುಕಿನ ಜೋಳದಲ್ಲಿ, ನೊಬೆಲ್ ಬಂದದ್ದು 1983ರಲ್ಲಿ. ಫಿಲಿಪ್ಪೀನ್ಸ್‌ನ ಪನಾಯ್ ದ್ವೀಪದ ಕಡೆಯ ಗಂಡಸರಲ್ಲಿ ಹೆಚ್ಚು ಕಾಣುವ ಒಂದು ಡಿಸ್ಟೋನಿಯಾಕ್ಕೆ ಮೂಲ, ಟಿಎಎಫ್1 ಎಂಬ ಜೀನಿನೊಳಗೆ ಹೊಕ್ಕು ಕೂತ ಇಂಥದೇ ತುಣುಕು. ಜೀನುಗಳಲ್ಲಿ ಪ್ರೋಟೀನ್ ತಯಾರಿಯ ಸೂಚನೆ ಇರುವ ಭಾಗವನ್ನಷ್ಟೇ ಓದುವ ಮಾಮೂಲಿ ಎಕ್ಸೋಮ್ ಪರೀಕ್ಷೆಗೆ ಇಂಥವು ಸಿಗದೇ ಹೋಗಬಹುದು.

'ತಮ್ಮನಿಗೆ ಅದೇ ಇದೆ ಅಂತಲ್ಲ. ನೆಗೆಟಿವ್ ಅಂದ್ರೆ ಏನೂ ಇಲ್ಲ ಅಂತಲೂ ಅಲ್ಲ' ಎಂದರು. ಇನ್ನೊಂದು ಟೆಸ್ಟ್ ತಲೆಗೆ ಕಟ್ಟಲಿಲ್ಲ. ನರರೋಗ ಡಾಕ್ಟರನ್ನೇ ಕೇಳಿ ಅಂದರು, ಅದು ಇಷ್ಟವಾಯಿತು.

ರಿಪೋರ್ಟ್ ಜೊತೆ ಕನ್ನಡದಲ್ಲಿ ಒಂದು ಹಾಳೆ ಇದ್ದಿದ್ದರೆ ಅಮ್ಮನೂ ಓದುತ್ತಿದ್ದರು. ಕಾರು ಬೇಡ, ಮೆಟ್ರೋದಲ್ಲಿ ಹೋಗಿ.