ಕೊನೇ ವಾರದಲ್ಲಿ ಬುಕ್ ಮಾಡಿದ ಹಿಮದ ರಜೆ: ಮನಾಲಿ, ಔಲಿ, ಗುಲ್ಮಾರ್ಗ್

ಮಂಡ್ಯದ ನೂರಡಿ ರಸ್ತೆಯಲ್ಲಿ ನಮ್ಮದೊಂದು ಹಾರ್ಡ್‌ವೇರ್ ಅಂಗಡಿ. ನಾನು ಬಿಲ್ಲು ನೋಡಿಕೊಳ್ಳುತ್ತೇನೆ. ಮಾಲು ತರಿಸೋದು, ಬಾಕಿ ವಸೂಲಿ ನಮ್ಮೆಜಮಾನ್ರದು. ಅಂಗಡಿ ಇಟ್ಟವರಿಗೆ ರಜೆ ಮೂರು ತಿಂಗಳು ಮೊದಲೇ ಗೊತ್ತಾಗೋದಿಲ್ಲ. ಮೈಸೂರಿನಲ್ಲಿರೋ ನನ್ನ ತಮ್ಮ ಫೋನ್ ಮಾಡಿ "ಅಕ್ಕ, ಮುಂದಿನ ವಾರ ನಾನು ಗಲ್ಲಾದಲ್ಲಿ ಕೂರ್ತೀನಿ, ನೀವಿಬ್ರೂ ಹೋಗ್ಬನ್ನಿ" ಅಂದರೆ ಅದೇ ನಮ್ಮ ರಜೆ. ಹಾಗಾಗಿ ನಮ್ಮ ಬುಕಿಂಗ್ ಎಲ್ಲ ಕೊನೇ ವಾರದ್ದೇ.

ಸ್ಕೀ, ಅಂದರೆ ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರೋದು, ಅದನ್ನು ಕಲಿಯಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಅದಕ್ಕೇ ಮೂರು ಚಳಿಗಾಲ, ಮೂರು ಕಡೆ ಹೋದೆವು. 2023ರಲ್ಲಿ ಮನಾಲಿ, 2024ರಲ್ಲಿ ಔಲಿ, 2025ರಲ್ಲಿ ಕಾಶ್ಮೀರದ ಗುಲ್ಮಾರ್ಗ್. ಮೂರನ್ನೂ ಬೇರೆ ಬೇರೆ ದಾರಿಯಲ್ಲಿ ಬುಕ್ ಮಾಡಿದ್ದೆವು. ಬಿಲ್ಲುಗಳೆಲ್ಲ ಒಂದು ಫೈಲಿನಲ್ಲಿವೆ. ಅವನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಹೇಳೋ ಲೆಕ್ಕವೆಲ್ಲ ಇಬ್ಬರದ್ದು, ಊಟ ಬಿಟ್ಟು.

ಮೊದಲು ಒಂದು ವಿಷಯ. ಕೊನೇ ಗಳಿಗೆಯಲ್ಲಿ ಸ್ಕೀ ರಜೆ ಅಗ್ಗವಾಗುತ್ತೆ ಅನ್ನೋ ಮಾತು ಹುಟ್ಟಿದ್ದು ಇಂಗ್ಲೆಂಡ್ ಕಡೆ. ಅಲ್ಲಿನ ಕಂಪನಿಗಳು ಇಡೀ ವಿಮಾನವನ್ನೇ ಬಾಡಿಗೆಗೆ ಹಿಡಿದು, ಆಲ್ಪ್ಸ್‌ನಲ್ಲಿ ರೂಮುಗಳನ್ನೂ ಸಗಟಾಗಿ ತಗೊಂಡು, ಶನಿವಾರದಿಂದ ಶನಿವಾರಕ್ಕೆ ಒಟ್ಟಿಗೆ ಮಾರುತ್ತವೆ. ಖಾಲಿ ಉಳಿದರೆ ಪೂರ್ತಿ ನಷ್ಟ. ಅದಕ್ಕೆ ಹೊರಡೋ ವಾರ ಬೆಲೆ ಇಳಿಸುತ್ತಾರೆ. ನಮ್ಮಲ್ಲಿ ವಿಮಾನ ಬೇರೆ, ರೂಮು ಬೇರೆ. ವಿಮಾನದವರು ಉಳಿದ ಸೀಟಿಗೆ ದರ ಏರಿಸುತ್ತಾರೆ, ಯಾಕಂದ್ರೆ ಕೊನೇ ವಾರ ಬರೋನು ಎಷ್ಟಾದರೂ ಕೊಟ್ಟು ಹೋಗಲೇಬೇಕಾದವನು. ರೂಮಿನವರು ಮಾತ್ರ ಇಳಿಸುತ್ತಾರೆ. ಇದು ಅರ್ಥವಾಗೋಕೆ ನಮಗೆ ಎರಡು ವರ್ಷ ಬೇಕಾಯಿತು.

ಮನಾಲಿಗೆ ಹೋಗಿದ್ದು ಟ್ರಾವೆಲ್ಸ್‌ನವರ ಗುಂಪಿನಲ್ಲಿ. ಜನವರಿ ತಿಂಗಳು. "ಎರಡು ಸೀಟು ಖಾಲಿ ಬಿದ್ದಿವೆ ಮೇಡಂ, ತಲೆಗೆ ಐದು ಸಾವಿರ ಕಮ್ಮಿ ಮಾಡ್ತೀನಿ" ಅಂದರು. ದೆಹಲಿಯಿಂದ ದೆಹಲಿಗೆ ತಲೆಗೆ 14,500. ಇಬ್ಬರಿಗೆ 29,000. ಆದರೆ ದೆಹಲಿ ತಲುಪೋದು ನಮ್ಮ ಪಾಡು. ಒಂದು ವಾರ ಇರುವಾಗ ತೆಗೆದ ವಿಮಾನದ ಟಿಕೆಟ್ಟು, ಹೋಗಿಬರಲು ಇಬ್ಬರಿಗೆ 31,000. ಅಲ್ಲಿಗೆ ರಿಯಾಯಿತಿ ಪೂರ್ತಿ ಕರಗಿತು. ಮಾಲ್ ರೋಡಿನ ಹತ್ತಿರ ಅಂದಿದ್ದ ಹೋಟೆಲ್ ಊರಾಚೆ ಇತ್ತು. ಹಿಮದಾಟ ನಡೆಯೋ ಸೋಲಾಂಗ್ ಕಣಿವೆಗೆ ಗಾಡಿ ಬೇರೆ, ಚಳಿಯ ಸೂಟು ಬೇರೆ, ಗಮ್‌ಬೂಟು ಬೇರೆ, ಸ್ಕೀ ಬೇರೆ. ಈ ಬೇರೆಗಳದ್ದೇ 9,500 ಆಯಿತು.

ಸ್ಕೀ ಅಂದರೆ ಅಲ್ಲಿ ಏನು ಸಿಕ್ಕಿತು? ಒಬ್ಬ ಹುಡುಗ ಕೈ ಹಿಡಿದು ಸ್ವಲ್ಪ ದೂರ ಎಳೆದುಕೊಂಡು ಹೋದ. ಫೋಟೊ ತೆಗೆದ. ಮುಗೀತು. ಹಿಮದ ಮೇಲೆ ಒಟ್ಟು ಮೂರು ಗಂಟೆ ಇದ್ದಿರಬಹುದು. ಮನಾಲಿಯಲ್ಲಿ ಕಲಿಯೋಕೆ ಆಗೋಲ್ಲ ಅಂತಲ್ಲ. ಅಲ್ಲಿನ ಪರ್ವತಾರೋಹಣ ಸಂಸ್ಥೆ ಸೋಲಾಂಗ್‌ನಲ್ಲಿ ಸ್ಕೀ ಕೋರ್ಸ್ ನಡೆಸುತ್ತೆ. ಆದರೆ ಅದು ಎರಡು ವಾರದ್ದು, ಮೊದಲೇ ಹೆಸರು ಕೊಡಬೇಕು. ಗುಂಪಿನ ಪ್ಯಾಕೇಜಿನಲ್ಲಿ ಹೋದವರಿಗೆ ಸಿಗೋದು ಹಿಮದ ದರ್ಶನ ಅಷ್ಟೇ. ಅಟಲ್ ಸುರಂಗ ಮಾತ್ರ ಚೆನ್ನಾಗಿತ್ತು. 9 ಕಿಲೋಮೀಟರ್ ಕತ್ತಲು ದಾಟಿ ಆಚೆ ಬಂದರೆ ಲಾಹೌಲ್ ಕಣಿವೆ ಪೂರ್ತಿ ಬಿಳಿ. ಒಟ್ಟು 69,500.

ಆ ಬಿಲ್ಲು ನೋಡಿ ನಾನೊಂದು ಅಳತೆ ಮಾಡಿಕೊಂಡೆ. ಅಂಗಡಿಯಲ್ಲಿ ಮೊಳೆಯನ್ನು ಪೊಟ್ಟಣದ ಮೇಲೆ ನೋಡಿ ತಗೊಳ್ಳೋದಿಲ್ಲ, ಕೇಜಿಗೆ ಎಷ್ಟು ಅಂತ ಕೇಳ್ತೀವಿ ಅಲ್ವಾ? ಹಾಗೇ ಸ್ಕೀ ರಜೆಯನ್ನು, ಹಲಗೆ ಕಟ್ಟಿಕೊಂಡು ಹಿಮದ ಮೇಲೆ ನಿಂತ ಗಂಟೆಗೆ ಎಷ್ಟು ಅಂತ ನೋಡಬೇಕು. ಮನಾಲಿಯಲ್ಲಿ ಗಂಟೆಗೆ 23,000 ದಾಟಿತ್ತು.

ಮುಂದಿನ ವರ್ಷ ಯಾರ ಗುಂಪೂ ಬೇಡ, ನಾವೇ ಮಾಡೋಣ ಅಂದುಕೊಂಡೆವು. 2024ರ ಜನವರಿಯಲ್ಲಿ ಹಿಮಾಲಯದ ಕಡೆ ಹಿಮವೇ ಇರಲಿಲ್ಲ. ಗುಲ್ಮಾರ್ಗ್‌ನ ಬೋಳು ಹುಲ್ಲುಗಾವಲಿನ ಚಿತ್ರ ಪೇಪರುಗಳಲ್ಲೆಲ್ಲ ಬಂದಿತ್ತು. ಡಿಸೆಂಬರಿನಲ್ಲೇ ದುಡ್ಡು ಕಟ್ಟಿದ್ದವರ ಪಾಡು ನೋಡಿ, ನಮ್ಮ ಹಾಗೆ ಕೊನೇ ವಾರದವರಿಗೂ ಒಂದು ಲಾಭ ಇದೆ ಅಂತ ಮೊದಲ ಸಲ ಅನ್ನಿಸಿತು. ತಿಂಗಳ ಕೊನೆಯಲ್ಲಿ ಹಿಮ ಶುರುವಾಯಿತು. ಫೆಬ್ರುವರಿಯಲ್ಲಿ ಔಲಿಗೆ ಹೊರಟೆವು.

ಔಲಿ ಇರೋದು ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ಬದರಿಗೆ ಹೋಗೋ ದಾರಿಯಲ್ಲಿ. ಡೆಹ್ರಾಡೂನ್‌ಗೆ ವಿಮಾನ, 29,000. ಅಲ್ಲಿಂದ ಋಷಿಕೇಶ, ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ ದಾಟಿ ಜೋಶಿಮಠ. ಈಗ ಅದರ ಹೆಸರು ಜ್ಯೋತಿರ್ಮಠ ಅಂತ ಬದಲಾಗಿದೆ. ಋಷಿಕೇಶದಿಂದ ಸುಮಾರು 250 ಕಿಲೋಮೀಟರ್, ಒಂದು ಹಗಲು ಪೂರ್ತಿ ಅದಕ್ಕೇ ಹೋಗುತ್ತೆ. ಜೋಶಿಮಠದಿಂದ ಔಲಿಗೆ ರೋಪ್‌ವೇ ಇದೆ, ಆದರೆ 2023ರ ಜನವರಿಯಲ್ಲಿ ಊರಿನ ನೆಲ ಕುಸಿದು ಮನೆಗಳು ಬಿರುಕು ಬಿಟ್ಟ ಮೇಲೆ ಅದನ್ನು ನಿಲ್ಲಿಸಿದ್ದರು. ಜೀಪಿನಲ್ಲೇ ಹತ್ತಿದೆವು. ಬಿರುಕು ಬಿಟ್ಟ ಗೋಡೆಗಳ ಪಕ್ಕದಲ್ಲೇ ಒಬ್ಬ ಅಜ್ಜಿ ಬಟ್ಟೆ ಒಣಗಿಸುತ್ತಿದ್ದರು. ಅದು ನೋಡಿ ನಮ್ಮೆಜಮಾನ್ರು ತುಂಬಾ ಹೊತ್ತು ಮಾತಾಡಲಿಲ್ಲ.

ರೂಮು ಫೋನಿನಲ್ಲೇ ಸಿಕ್ಕಿತು. ಯಾರೋ ಕ್ಯಾನ್ಸಲ್ ಮಾಡಿದ್ದು, ರಾತ್ರಿಗೆ 3,200. ನಾಲ್ಕು ರಾತ್ರಿಗೆ 12,800. ಬಸ್ಸು, ಜೀಪು ಸೇರಿ 9,000. ಸ್ಕೀ ಬಾಡಿಗೆ, ಹೇಳಿಕೊಡೋರು ಸೇರಿ ಎರಡು ದಿನಕ್ಕೆ 7,000. ಒಟ್ಟು 57,800. ಮೂರರಲ್ಲಿ ಕಮ್ಮಿ ಖರ್ಚು ಇದೇ. ಇಳಿಜಾರು ಒಳ್ಳೆಯದು, ಗದ್ದಲ ಇಲ್ಲ, ಎದುರಿಗೆ ನಂದಾದೇವಿ. ಅಂಥ ನೋಟ ಉಳಿದೆರಡು ಕಡೆ ಇಲ್ಲವೇ ಇಲ್ಲ. ಆದರೆ ಒಂದು ವಾರದ ರಜೆಯಲ್ಲಿ ದಾರಿಯೇ ನಾಲ್ಕು ದಿನ ತಿಂದಿತು. ಹಲಗೆ ಕಟ್ಟಿದ್ದು ಎಂಟು ಗಂಟೆ. ಗಂಟೆಗೆ 7,200 ಹತ್ತಿರ ಬಿತ್ತು. ಎರಡು ವಾರ ಬಿಡುವಿದ್ದರೆ ನಾನು ಔಲಿಗೇ ಹೋಗುತ್ತಿದ್ದೆ. ಗಢ್ವಾಲ್ ಮಂಡಲ್ ವಿಕಾಸ್ ನಿಗಮ ಅಲ್ಲಿ 7 ದಿನದ, 14 ದಿನದ ಕೋರ್ಸ್ ನಡೆಸುತ್ತೆ. ನಮಗೆ ಅಷ್ಟು ದಿನ ಯಾರು ಕೊಡ್ತಾರೆ?

ಇನ್ನು ಗುಲ್ಮಾರ್ಗ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2025ರ ಫೆಬ್ರುವರಿಯಲ್ಲೂ ಅಲ್ಲಿ ಹಿಮ ಕೈಕೊಟ್ಟಿತ್ತು. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಹಿಮ ಸಾಲದು ಅಂತ ಮಾರ್ಚ್ 9ಕ್ಕೆ ಮುಂದೂಡಿದರು. ನಾನು ದಿನಾ ರಾತ್ರಿ ಶ್ರೀನಗರದ ಹವಾಮಾನ ಕೇಂದ್ರದ ಮುನ್ಸೂಚನೆ ನೋಡುತ್ತಿದ್ದೆ. ಸುದ್ದಿಯಲ್ಲಿ ವೆಸ್ಟರ್ನ್ ಡಿಸ್ಟರ್ಬೆನ್ಸ್ ಅಂತಾರಲ್ಲ, ಮೆಡಿಟರೇನಿಯನ್ ಕಡೆಯಿಂದ ಮೋಡ ಹೊತ್ತು ತರೋದು, ಅದು ಬಂದರೆ ಮಾತ್ರ ಅಲ್ಲಿ ಹಿಮ. ಶಿವರಾತ್ರಿ ಜಾಗರಣೆ ಮುಗಿದ ಮಾರನೇ ದಿನ, ಗುರುವಾರ, ಗುಲ್ಮಾರ್ಗ್ ಬಿಳಿಯಾಗಿರೋ ವಿಡಿಯೊ ಬಂತು. ಕ್ರೀಡಾಕೂಟ ಶುರುವಾದರೆ ರೂಮು ಸಿಗೋಲ್ಲ. ಅಷ್ಟರೊಳಗೆ ಹೋಗಿ ಬರಬೇಕು. ತಮ್ಮನಿಗೆ ಫೋನ್ ಮಾಡಿದೆ. "ಸೋಮವಾರ ಬರ್ತೀಯೇನೋ?" "ಬರ್ತೀನಿ ಅಕ್ಕ." ಅಷ್ಟೇ.

ವಿಮಾನದ ಟಿಕೆಟ್ ತೆಗೆಯೋ ಮುಂಚೆ ಗೊಂಡೋಲಾ, ಅಂದರೆ ಬೆಟ್ಟದ ಮೇಲಕ್ಕೆ ಹೋಗೋ ಕೇಬಲ್ ಕಾರಿನ ಟಿಕೆಟ್ ಇದೆಯಾ ಅಂತ ನೋಡಿದೆ. ಅದು ಆನ್‌ಲೈನ್‌ನಲ್ಲೇ ತಗೊಳ್ಳಬೇಕು, ಚೌಕಾಸಿ ಅನ್ನೋದಿಲ್ಲ, ಸೀಸನ್ನಿನಲ್ಲಿ ಬೇಗ ಖಾಲಿಯಾಗುತ್ತೆ. ಬುಧವಾರಕ್ಕೆ ಇತ್ತು. ತಗೊಂಡೆ. ಆಮೇಲೆ ಶ್ರೀನಗರಕ್ಕೆ ವಿಮಾನ. ಸೋಮವಾರ ಹೋಗಿ ಶನಿವಾರ ವಾಪಸ್, ಇಬ್ಬರಿಗೆ 38,000. ಭಾನುವಾರಕ್ಕೆ ನೋಡಿದರೆ ಅದೇ ಟಿಕೆಟ್ಟು ಆರು ಸಾವಿರ ಜಾಸ್ತಿ ಇತ್ತು. ಮಂಡ್ಯದಿಂದ ಬೆಂಗಳೂರಿಗೆ ರೈಲು, ಮೆಜೆಸ್ಟಿಕ್‌ನಿಂದ ವಾಯುವಜ್ರ ಬಸ್ಸು. ಮೈಸೂರಿನವರಾದರೆ ಫ್ಲೈಬಸ್ ನೇರ ಏರ್‌ಪೋರ್ಟಿಗೇ ಬಿಡುತ್ತೆ.

ರೂಮನ್ನು ಮಾತ್ರ ಕೊನೆಗೆ ಬಿಟ್ಟೆ. ಗುಲ್ಮಾರ್ಗ್ ಮೇಲೆ ಹೋಟೆಲ್ ದುಬಾರಿ. 13 ಕಿಲೋಮೀಟರ್ ಕೆಳಗೆ ತಂಗಮಾರ್ಗ್ ಅಂತ ಊರಿದೆ. ಅಲ್ಲಿನ ಐದು ಗೆಸ್ಟ್‌ಹೌಸ್‌ಗೆ ಭಾನುವಾರ ಸಂಜೆ ಫೋನ್ ಮಾಡಿದೆ. ಆ್ಯಪ್‌ನಲ್ಲಿ 3,500 ಅಂತಿದ್ದ ರೂಮನ್ನು ಮಾಲೀಕರೇ 2,200ಕ್ಕೆ ಕೊಟ್ಟರು. ಐದು ರಾತ್ರಿಗೆ 11,000. ಏರ್‌ಪೋರ್ಟ್ ಟ್ಯಾಕ್ಸಿ ಎರಡೂ ಕಡೆಗೆ 5,000. ಹಿಮ ಬಿದ್ದಾಗ ಮೇಲಕ್ಕೆ ಚೈನ್ ಕಟ್ಟಿದ ಗಾಡಿ ಮಾತ್ರ ಬಿಡುತ್ತಾರೆ. ಅದಕ್ಕೂ ಗೊಂಡೋಲಾಗೂ ಸೇರಿ 6,000.

ಇಲ್ಲೊಂದು ಮುಖ್ಯ ವಿಷಯ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ಕೆಲಸ ಮಾಡೋಲ್ಲ. ಪೋಸ್ಟ್‌ಪೇಯ್ಡ್ ಬೇಕು. ಕೊನೇ ವಾರದಲ್ಲಿ ಹೊರಡೋರಿಗೆ ಇದು ದೊಡ್ಡ ತೊಂದರೆ, ಒಟಿಪಿ ಬರದಿದ್ದರೆ ಟಿಕೆಟ್ಟೂ ಇಲ್ಲ, ದುಡ್ಡು ಕಟ್ಟೋಕೂ ಆಗೋಲ್ಲ. ಮನೆಯಲ್ಲಿ ಒಂದು ನಂಬರನ್ನಾದರೂ ಮೊದಲೇ ಪೋಸ್ಟ್‌ಪೇಯ್ಡ್ ಮಾಡಿಸಿಡಿ.

ಹಲಗೆ, ಬೂಟು, ಹೇಳಿಕೊಡೋರು ಸೇರಿ ಮೂರು ದಿನಕ್ಕೆ ಇಬ್ಬರಿಗೆ 15,000. ಇಲ್ಲಿ ನಾನು ಚೌಕಾಸಿ ಮಾಡಲಿಲ್ಲ, ಸಾಮಾನು ನೋಡಿದೆ. ಹಲಗೆಯ ಎರಡೂ ಅಂಚಿಗೆ ಉಕ್ಕಿನ ಪಟ್ಟಿ ಇರುತ್ತೆ. ಮೊದಲು ಕೊಟ್ಟ ಜೊತೆಯಲ್ಲಿ ಪಟ್ಟಿ ತುಕ್ಕು ಹಿಡಿದು ಮೊಂಡಾಗಿತ್ತು. ಅಂಚಿನ ಮೇಲೆ ಅಡ್ಡಕ್ಕೆ ಉಗುರು ಎಳೆದರೆ ಉಗುರಿನ ಪುಡಿ ಬಿಳಿಯಾಗಿ ನಿಲ್ಲಬೇಕು, ಆಗ ಅದು ಗಟ್ಟಿ ಹಿಮವನ್ನು ಕಚ್ಚುತ್ತೆ. ಮೂರನೇ ಜೊತೆಯಲ್ಲಿ ಪುಡಿ ಬಂತು. ಅದನ್ನೇ ತಗೊಂಡೆ. ಬೂಟು ಹಾಕಿ ನೆಟ್ಟಗೆ ನಿಂತರೆ ಬೆರಳ ತುದಿ ಮುಂದಕ್ಕೆ ತಾಗಬೇಕು. ಮೊಣಕಾಲು ಬಗ್ಗಿಸಿದಾಗ ಬೆರಳು ಹಿಂದಕ್ಕೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಬೂಟನ್ನು ಹಲಗೆಗೆ ಹಿಡಿಯೋ ಬೈಂಡಿಂಗಿನಲ್ಲಿ ಸ್ಪ್ರಿಂಗ್ ಇದೆ, ಅದರ ಸ್ಕ್ರೂ ತಿರುಗಿಸಿ ನಂಬರ್ ಇಡುತ್ತಾರೆ. ನಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಉದ್ದ ಕೇಳಿ ಇಡಬೇಕು. ಜಾಸ್ತಿ ಬಿಗಿಯಿದ್ದರೆ ಬಿದ್ದಾಗ ಹಲಗೆ ಕಳಚೋಲ್ಲ, ಮೊಣಕಾಲೇ ತಿರುಚುತ್ತೆ. ನಮ್ಮಿಬ್ಬರಿಗೂ ಒಂದೇ ನಂಬರ್ ಇಟ್ಟಿದ್ದರು. ನಮ್ಮೆಜಮಾನ್ರು ನನಗಿಂತ 24 ಕೇಜಿ ಜಾಸ್ತಿ. ಹೇಳಿ ಬದಲಾಯಿಸಿಕೊಂಡೆವು. ಕೊನೇ ವಾರದ ಅವಸರದಲ್ಲಿ ಇದೊಂದನ್ನು ಬಿಡಬೇಡಿ.

ನಮಗೆ ಹೇಳಿಕೊಟ್ಟವರು ತಂಗಮಾರ್ಗ್‌ನವರು, ಐವತ್ತರ ಹತ್ತಿರದವರು. ಆ ವಾರವೇ ರಂಜಾನ್ ಉಪವಾಸ ಶುರುವಾಗಿತ್ತು. ಬೆಳಿಗ್ಗೆ ಹತ್ತರಿಂದ ಮೂರರವರೆಗೆ ಒಂದು ಗುಟುಕು ನೀರು ಕುಡಿಯದೆ ನಮ್ಮ ಹಿಂದೆ ಮುಂದೆ ಓಡಾಡಿದರು. ಹಲಗೆಯ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ. ಇದಕ್ಕೆ ಸ್ನೋ ಪ್ಲೋ ಅಂತಾರೆ, ಹಿಮದ ನೇಗಿಲು. ಹಿಮ್ಮಡಿ ಹೊರಕ್ಕೆ ಒತ್ತಿದಷ್ಟೂ ವೇಗ ಕಮ್ಮಿಯಾಗುತ್ತೆ. ಮೊದಲ ದಿನ ನಿಲ್ಲೋದು ಬಿಟ್ಟು ಇನ್ನೇನೂ ಹೇಳಿಕೊಡಲಿಲ್ಲ. "ಮೇಡಂ, ಪೆಹಲೇ ರುಕ್ನಾ", ಮೊದಲು ನಿಲ್ಲೋದು, ಅಂತ ನೂರು ಸಲ ಅಂದಿರಬಹುದು. ಗುರುವಾರ ಮಧ್ಯಾಹ್ನ ನಾನು ಪುಟ್ಟ ಇಳಿಜಾರಿನ ಮೇಲಿಂದ ಬೀಳದೆ ಬಂದು ಅವರ ಮುಂದೆ ನಿಂತೆ. ಬೂಟಿನ ಕೆಳಗೆ ಹಿಮ ಸರ್ರನೆ ಕೆರೆದುಕೊಳ್ಳೋ ಸದ್ದು ಈಗಲೂ ಕಿವಿಯಲ್ಲಿದೆ.

ಒಟ್ಟು 75,000. ಹಿಮದ ಮೇಲೆ ದಿನಕ್ಕೆ ಐದರಂತೆ 15 ಗಂಟೆ. ಗಂಟೆಗೆ 5,000. ಮನಾಲಿಗಿಂತ ಬಿಲ್ಲು ದೊಡ್ಡದು, ಆದರೂ ನಿಜವಾಗಿ ಅಗ್ಗವಾಗಿದ್ದು ಇದೇ. ಕುಂದೂ ಇದೆ. ಉಪವಾಸದ ತಿಂಗಳು ಹಗಲು ಊಟ ಸಿಗೋದು ಕಷ್ಟ, ನಾವು ರೂಮಿನಿಂದ ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಿದ್ದೆವು. ಗಾಳಿ ಜೋರಾದರೆ ಗೊಂಡೋಲಾದ ಎರಡನೇ ಹಂತ, ಅಫರ್ವಟ್ ಕಡೆಯದು, ನಿಂತುಬಿಡುತ್ತೆ. ಬುಧವಾರ ಪಾಠ ಮುಗಿಸಿ ಹತ್ತಿದ ನಮಗೆ ಮೊದಲ ಹಂತ ಕೊಂಗ್‌ದೂರಿಯವರೆಗೆ ಮಾತ್ರ ಸಿಕ್ಕಿತು. ಕಲಿಯೋಕೆ ಬಂದವರಿಗೆ ಮೇಲಿನದು ಬೇಕಾಗೂ ಇಲ್ಲ, ಅದು ಪಳಗಿದವರ ಜಾಗ.

ಹೊರದೇಶದ ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ. ಯುರೋಪ್ ನಮಗೆ ಕೊನೇ ವಾರದ ವಿಷಯವೇ ಅಲ್ಲ. ಷೆಂಗೆನ್ ವೀಸಾ ಅರ್ಜಿಯನ್ನು ಹೊರಡೋ 15 ದಿನ ಮೊದಲಾದರೂ ಕೊಡಬೇಕು, ಎಷ್ಟೇ ರಿಯಾಯಿತಿ ಕಂಡರೂ ಸುಮ್ನೆ ನೋಡಬಹುದು ಅಷ್ಟೇ. ಕಜಾಕಿಸ್ತಾನಕ್ಕೆ ಮಾತ್ರ ನಮ್ಮವರು 14 ದಿನ ವೀಸಾ ಇಲ್ಲದೆ ಹೋಗಬಹುದು. ನಮ್ಮೆಜಮಾನ್ರ ಅಕ್ಕನ ಮಗ ಮೈಸೂರಿನಿಂದ ಹೀಗೇ ಹೊರಟು, ದೆಹಲಿಯಿಂದ ಅಲ್ಮಾಟಿಗೆ ಹೋಗಿ ಶಿಂಬುಲಾಕ್‌ನಲ್ಲಿ ಸ್ಕೀ ಮಾಡಿ ಬಂದ. ಅಲ್ಮಾಟಿ ಊರೊಳಗಿನಿಂದ ಸಿಟಿ ಬಸ್ಸಿನಲ್ಲೇ ಮೆದೆಯೂ ಅನ್ನೋ ಜಾಗದ ತನಕ ಹೋಗಿ ಅಲ್ಲಿಂದ ಗೊಂಡೋಲಾ ಹತ್ತಬಹುದಂತೆ. ಅವನ ಒಂದು ಮಾತು ಬರೆದಿಟ್ಟುಕೊಂಡಿದ್ದೇನೆ: "ಅತ್ತೆ, ಇನ್ಶೂರೆನ್ಸ್ ತಗೊಳ್ಳೋವಾಗ ಸ್ಕೀ ಸೇರಿದೆಯಾ ಅಂತ ಓದಿ." ಸಾಮಾನ್ಯ ಪಾಲಿಸಿಯಲ್ಲಿ ಎಷ್ಟೋ ಸಲ ಅದನ್ನು ಹೊರಗಿಟ್ಟಿರುತ್ತಾರೆ.

ಸ್ಕೀ ಕಲಿಯೋ ಮನಸ್ಸಿದ್ದು ಒಂದೇ ವಾರ ಸಿಗೋರು ಗುಲ್ಮಾರ್ಗ್‌ಗೆ ಹೋಗಿ. ಹಿಮ ಬಿದ್ದ ಸುದ್ದಿ ಬಂದ ಮೇಲೆ ಗೊಂಡೋಲಾ, ವಿಮಾನ, ರೂಮು, ಇದೇ ಕ್ರಮದಲ್ಲಿ ಬುಕ್ ಮಾಡಿ. ಸೋಮವಾರ, ಮಂಗಳವಾರ ಹೊರಡಿ. ನನ್ನ ಅಮ್ಮನಿಗೆ 71. ಸ್ಕೀ ಅವರಿಗೆ ಬೇಡ, ಒಮ್ಮೆ ಹಿಮ ಮುಟ್ಟಬೇಕು ಅಷ್ಟೇ ಅಂತಾರೆ. ಅವರನ್ನು ಮನಾಲಿಗೇ ಕರಕೊಂಡು ಹೋಗುತ್ತೇವೆ, ಟ್ರಾವೆಲ್ಸ್ ಗುಂಪಿಲ್ಲದೆ, ದೆಹಲಿಯಿಂದ ರಾತ್ರಿ ಬಸ್ಸು ಬಿಟ್ಟು ಕಾರಿನಲ್ಲಿ, ಮಧ್ಯೆ ಒಂದು ರಾತ್ರಿ ಉಳಿದು. ಅವರಿಗೆಂದು ಬೈಲಕುಪ್ಪೆಯಿಂದ ಉಣ್ಣೆಯ ಶಾಲು ಆಗಲೇ ತಂದಿಟ್ಟಿದ್ದೇನೆ.