ಹಳೇ ಆಟೋ-5 ಮತ್ತು ರೆಮಿಂಗ್ಟನ್ 1100: ನೋಡಿಕೊಳ್ಳಲು ಯಾವುದು ಸುಲಭ?

ಹೊಡೆದ ಮೇಲೆ ಮುಂದಿನ ತೋಟಾವನ್ನು ತಾವೇ ಏರಿಸಿಕೊಳ್ಳುವ ಈ ಎರಡೂ ಕೋವಿಗಳು ನನ್ನ ಹತ್ತಿರ ಇವೆ. ಎರಡೂ 12 ಬೋರ್ (ನಳಿಗೆಯ ಅಗಲದ ಅಳತೆ), ಎರಡನ್ನೂ ಇಲ್ಲಿ ಮಿನ್ನೆಸೋಟಾದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದು, ಹಾರುವ ಮಣ್ಣಿನ ಬಿಲ್ಲೆ ಹೊಡೆಯಲು ಬಳಸುತ್ತೇನೆ. ನೋಡಿಕೊಳ್ಳುವ ಲೆಕ್ಕದಲ್ಲಿ ನನ್ನ ಓಟು ಬ್ರೌನಿಂಗ್ ಆಟೋ-5ಕ್ಕೆ. ಆದರೆ ಅದು ತಾಳ್ಮೆ ಇರುವವರ ಕೋವಿ.

ಆಟೋ-5ರಲ್ಲಿ ಗುಂಡು ಹಾರಿದಾಗ ನಳಿಗೆಯೇ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ತುಂಡು) ಜೊತೆ ಹಿಂದಕ್ಕೆ ಬರುತ್ತದೆ. ಆಮೇಲೆ ನಳಿಗೆ ಮೊದಲು ಮುಂದೆ ಹೋಗುತ್ತದೆ, ಖಾಲಿ ತೋಟಾ ಹೊರಗೆ ಬೀಳುತ್ತದೆ. ಜಾನ್ ಬ್ರೌನಿಂಗ್ ರೂಪಿಸಿದ ಈ ಏರ್ಪಾಡು 1998ರವರೆಗೂ ತಯಾರಾಗುತ್ತಿತ್ತು. ಇಷ್ಟು ಭಾರದ ನಳಿಗೆಯನ್ನು ತಡೆಯುವುದು ಮ್ಯಾಗಜೀನ್ ಟ್ಯೂಬಿನ (ನಳಿಗೆಯ ಕೆಳಗೆ ತೋಟಾ ತುಂಬುವ ಕೊಳವೆ) ಮೇಲಿರುವ ದಪ್ಪ ಸ್ಪ್ರಿಂಗ್, ಒಂದು ಕಂಚಿನ ಬ್ರೇಕ್ ತುಂಡು ಮತ್ತು ಒಂದು ಉಕ್ಕಿನ ರಿಂಗ್. ಜೋರಾದ ತೋಟಾ ಹಾಕುವುದಾದರೆ ರಿಂಗ್ ಸ್ಪ್ರಿಂಗಿನ ಮುಂದೆ, ಕಂಚಿಗೆ ಒತ್ತಿಕೊಂಡಿರಬೇಕು. ಹಗುರ ತೋಟಾಕ್ಕೆ ರಿಂಗ್ ತೆಗೆದು ಸ್ಪ್ರಿಂಗಿನ ಹಿಂದೆ, ರಿಸೀವರ್ (ಬೋಲ್ಟ್ ಓಡಾಡುವ ಲೋಹದ ಪೆಟ್ಟಿಗೆ) ಪಕ್ಕ ಇಡಬೇಕು. ಅಷ್ಟೇ. ಇದನ್ನು ನೋಡದೆ ಹೊಡೆದರೆ ಒಂದೋ ಮುಂದಿನ ತೋಟಾ ಏರುವುದಿಲ್ಲ, ಇಲ್ಲವೇ ನಳಿಗೆ ಹಿಂದಕ್ಕೆ ಬಡಿದು ಬಡಿದು ನಳಿಗೆಯ ಕೆಳಗಿನ ಮುಂದಿನ ಮರ ಸೀಳುತ್ತದೆ.

ಕೊಡಗಿನಲ್ಲಿ ಬೆಳೆದ ನನಗೆ ಕೋವಿ ಅಂದರೆ ಒಂಟಿ ನಳಿಗೆ ಅಥವಾ ಜೋಡಿ ನಳಿಗೆ. ಆಯುಧ ಪೂಜೆಯ ಕೈಲ್ ಪೊಳ್ದ್ ಹಬ್ಬಕ್ಕೆ ಒರೆಸಿ, ಎಣ್ಣೆ ಹಚ್ಚಿ, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಇಡುತ್ತೇವೆ ಅಲ್ವಾ. ಅಲ್ಲಿನ ಮಳೆಗೆ ಎಣ್ಣೆ ಎಷ್ಟಿದ್ದರೂ ಒಳ್ಳೆಯದೇ. ಆಟೋ-5ಕ್ಕೆ ಆ ಅಭ್ಯಾಸ ಆಗಿಬರುವುದಿಲ್ಲ, ಏಕೆಂದರೆ ಅದರ ಬ್ರೇಕು ಕೆಲಸ ಮಾಡುವುದೇ ಉಜ್ಜಾಟದಿಂದ; ಟ್ಯೂಬಿಗೆ ಎಣ್ಣೆ ಸುರಿದರೆ ಬ್ರೇಕೇ ಇಲ್ಲದಂತಾಗಿ ಹೆಗಲಿಗೂ ಮರಕ್ಕೂ ಪೆಟ್ಟು ಜಾಸ್ತಿ. ಬಟ್ಟೆಗೆ ತೆಳು ಎಣ್ಣೆಯ ಒಂದೆರಡು ಹನಿ ಹಾಕಿ ಟ್ಯೂಬ್ ಒರೆಸಿ, ಮತ್ತೆ ಒಣ ಬಟ್ಟೆಯಿಂದ ಒರೆಸಿ. ಒಳಗೆ ಮಸಿ ಹೋಗುವುದು ಕಡಿಮೆ, ಹಾಗಾಗಿ ಇಷ್ಟು ಮಾಡಿದರೆ ಬಹಳ ದಿನ ನಿಶ್ಚಿಂತೆ.

1963ರಲ್ಲಿ ಬಂದ ರೆಮಿಂಗ್ಟನ್ 1100 ಗ್ಯಾಸಿನಿಂದ ನಡೆಯುವಂಥದ್ದು. ನಳಿಗೆಯ ಸಣ್ಣ ತೂತಿನಿಂದ ಇಳಿದ ಗ್ಯಾಸ್ ಪಿಸ್ಟನ್ ತಳ್ಳುತ್ತದೆ. ಹೆಗಲಿಗೆ ಇದೇ ಮೆತ್ತಗೆ, ದಿನವಿಡೀ ಹೊಡೆಯುವವರಿಗೆ ಇದನ್ನೇ ಹೇಳುತ್ತೇನೆ. ಆದರೆ ಮಸಿಯೆಲ್ಲ ಟ್ಯೂಬಿನ ಮೇಲೆ ಕೂರುತ್ತದೆ. ಪ್ರತಿ ಸಲ ಬಿಚ್ಚಿ ಪಿಸ್ಟನ್, ಅದರ ಸೀಲ್, ಟ್ಯೂಬ್ ಉಜ್ಜಬೇಕು, ತೂತುಗಳನ್ನು ಬಿಡಿಸಬೇಕು. ಸುಮ್ನೆ ಬಿಟ್ಟರೆ ಮಸಿಯ ಕೆಳಗೆ ತುಕ್ಕು ಹಿಡಿದು ಟ್ಯೂಬಿನಲ್ಲಿ ಗುಳಿ ಬೀಳುತ್ತದೆ. ಪಿಸ್ಟನ್ ಮುಂದೆ ಒಂದು ರಬ್ಬರ್ ರಿಂಗ್ ಇದೆ. ಅದು ಹರಿದರೆ ಗ್ಯಾಸ್ ಸೋರಿ ಕೋವಿ ಮಧ್ಯದಲ್ಲೇ ನಿಲ್ಲುತ್ತದೆ. ಬೆಲೆ ತೀರಾ ಕಡಿಮೆ, ಒಂದೆರಡು ಯಾವಾಗಲೂ ಚೀಲದಲ್ಲಿರಲಿ. ವಿಟಾನ್ ಎಂಬ ರಬ್ಬರಿನ ರಿಂಗ್ ಸಿಕ್ಕರೆ ಅದನ್ನೇ ಕೊಳ್ಳಿ, ಶಾಖ ತಡೆಯುತ್ತದೆ.

ಎರಡರ ಹಿಂದಿನ ಮರದೊಳಗೂ ಒಂದು ಸ್ಪ್ರಿಂಗ್ ಇದೆ. ಅದನ್ನು ಯಾರೂ ಮುಟ್ಟುವುದೇ ಇಲ್ಲ. ಕೋವಿಯನ್ನು ನೆಟ್ಟಗೆ ನಿಲ್ಲಿಸಿಟ್ಟರೆ ಎಣ್ಣೆ ಇಳಿದು ಅಲ್ಲಿ ಅಂಟಾಗುತ್ತದೆ. ಎಣ್ಣೆ ಹಚ್ಚಿದ ಮೇಲೆ ಸ್ವಲ್ಪ ಹೊತ್ತು ನಳಿಗೆಯ ಬಾಯಿ ಕೆಳಗೆ ಮಾಡಿ ಇಡಿ.

ಬೆಲ್ಜಿಯಂನಲ್ಲಿ ಮಾಡಿದ ಹಳೇ ಆಟೋ-5 ನಳಿಗೆಗೆ ಉಕ್ಕಿನ ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ಹಾಕಲೇಬೇಡಿ. ಅಮೆರಿಕದಲ್ಲಿ 1991ರಿಂದ ಬಾತುಕೋಳಿ ಬೇಟೆಗೆ ಸೀಸದ ಚರೆ ಬಳಸುವಂತಿಲ್ಲ, ಹಾಗಾಗಿ ಬಾತಿನ ಬೇಟೆಗೆ ಹೋಗುವವರು ಇದನ್ನು ಮೊದಲೇ ಯೋಚಿಸಬೇಕು.

ಕೊಳ್ಳುವಾಗ ಮೊದಲು ಖಾಲಿ ಇದೆಯಾ ನೋಡಿ, ಆಮೇಲೆ ಮುಂದಿನ ಮರ ಬಿಚ್ಚಿಸಿ. ಆಟೋ-5 ಆದರೆ ಮರದ ಒಳಗಡೆ ಬಿರುಕು ಹುಡುಕಿ, ರಿಸೀವರಿನ ಹಿಂಬದಿಯ ಫೈಬರ್ ಬಫರ್ (ಬಡಿತ ತಡೆಯುವ ತುಂಡು) ಪುಡಿಯಾಗಿದೆಯಾ ನೋಡಿ. 1100 ಆದರೆ ಟ್ಯೂಬಿನ ಮೇಲೆ ಉಗುರು ಓಡಿಸಿ. ಆಳದ ಗುಳಿ ಸಿಕ್ಕಿದರೆ ಚೌಕಾಸಿ ಮಾಡಬೇಡಿ, ಬಿಟ್ಟು ಬನ್ನಿ.