ಚಳಿಗಾಲದ ಸ್ಟೀಲ್‌ಹೆಡ್‌ಗೆ ನನ್ನ ವೇಡರ್: ಹಲವು ಸೀಸನ್ ಬಳಸಿದ ಮೇಲಿನ ಅಭಿಪ್ರಾಯ

ಸ್ಟೀಲ್‌ಹೆಡ್ ಮೀನು ಹಿಡಿಯಬೇಕು ಅಂತ ಹೊರಟವರು ಗಾಳದ ರಾಡ್‌ಗಿಂತ ಮೊದಲು ವೇಡರ್‌ಗೆ ದುಡ್ಡು ಹಾಕಿ. ಅದರಲ್ಲೂ ತೂತು ಬಿದ್ದರೆ ಮನೆಯಲ್ಲೇ ತೇಪೆ ಹಾಕಿಕೊಳ್ಳಲು ಬರುವಂಥದ್ದನ್ನೇ ಆರಿಸಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೋ, ಬೋಗಚೀಲ್, ಸೋಲ್ ಡಕ್ ಹೊಳೆಗಳಲ್ಲಿ ಹಲವು ಚಳಿಗಾಲ ಒಂದೇ ವೇಡರ್ ಹಾಕಿಕೊಂಡು ನಿಂತಿದ್ದೇನೆ. ಆ ಅನುಭವದಿಂದ ಹೇಳುತ್ತಿದ್ದೇನೆ.

ವೇಡರ್ ಅಂದರೆ ಎದೆವರೆಗೆ ಬರುವ, ನೀರು ಒಳಗೆ ಬಿಡದ ಉಡುಪು. ನನ್ನದು ಬ್ರೀದಬಲ್ ಬಟ್ಟೆಯದು. ಬೆವರಿನ ಆವಿ ಹೊರಗೆ ಹೋಗುತ್ತದೆ, ಹೊಳೆ ನೀರು ಒಳಗೆ ಬರುವುದಿಲ್ಲ. ಪಾದಕ್ಕೆ ದಪ್ಪ ರಬ್ಬರಿನಂಥ ನಿಯೋಪ್ರೀನ್ ಸಾಕ್ಸ್ ಸೇರಿಸಿ ಹೊಲಿದಿರುತ್ತಾರೆ, ಅದರ ಮೇಲೆ ಬೇರೆ ಬೂಟು. ಬೆಲೆ ಸುಮಾರು 600 ಡಾಲರ್. ಜಾಸ್ತಿ ಅನಿಸುತ್ತದೆ, ಅಲ್ವಾ? ಅದನ್ನು ಹಾಕಿಕೊಂಡು ಎಲ್ಲಿ ನಿಲ್ಲಬೇಕು ಅನ್ನುವುದನ್ನು ನೋಡಿ ಆಮೇಲೆ ತೀರ್ಮಾನಿಸಿ.

ಸ್ಟೀಲ್‌ಹೆಡ್ ಬೇರೆ ಜಾತಿಯ ಮೀನಲ್ಲ, ರೇನ್‌ಬೋ ಟ್ರೌಟೇ. ಹೊಳೆಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆ ಇಡಲು ಹುಟ್ಟಿದ ಹೊಳೆಗೇ ವಾಪಸ್ ಬರುತ್ತದೆ. ಇಲ್ಲಿನ ಸಾಲ್ಮನ್ ಮೊಟ್ಟೆ ಇಟ್ಟ ಮೇಲೆ ಸಾಯುತ್ತದೆ. ಸ್ಟೀಲ್‌ಹೆಡ್‌ಗಳಲ್ಲಿ ಕೆಲವು ಬದುಕಿ ಮತ್ತೆ ಸಮುದ್ರ ಸೇರುತ್ತವೆ. ಚಳಿಗಾಲದ ಮೀನು ಬರುವುದು ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ. ಆಗ ನೀರು 4-5 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಪಕ್ಕದ ಫೋರ್ಕ್ಸ್ ಊರಿನಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ಆಗುಂಬೆಯವರಿಗೆ ಇದು ದೊಡ್ಡ ಅಂಕಿಯಲ್ಲ. ಆದರೆ ಇಲ್ಲಿ ಆ ಮಳೆಯ ಬಹುಪಾಲು ಸುರಿಯುವುದು ಕೊರೆಯುವ ಚಳಿಯಲ್ಲಿ.

ನಾನು ಬಳಸುವುದು ಎರಡೂ ಕೈಯಲ್ಲಿ ಹಿಡಿಯುವ ಉದ್ದನೆಯ ಸ್ಪೇ ರಾಡ್. ಸೆಳವಿಗೆ ಅಡ್ಡವಾಗಿ ಲೈನ್ (ಗಾಳದ ದಾರ) ಎಸೆದು, ಅದರ ತುದಿಯ ಫ್ಲೈ, ಅಂದರೆ ಗರಿ, ದಾರ ಸುತ್ತಿದ ಕೊಕ್ಕೆ, ಹೊಳೆಯಲ್ಲಿ ಓರೆಯಾಗಿ ತೇಲಿ ದಡದ ಕಡೆ ಬರುವವರೆಗೆ ಕಾಯಬೇಕು. ಎರಡು ಹೆಜ್ಜೆ ಕೆಳಗೆ ಹೋಗಿ ಮತ್ತೆ ಎಸೆಯಬೇಕು. ಇಡೀ ದಿನ ತೊಡೆಮಟ್ಟ ನೀರಲ್ಲೇ ಕೆಲಸ. ಇನ್ನೊಂದು ವಿಷಯ. ಮೀನಿನ ಸಂಖ್ಯೆ ಕುಸಿದ ಕಾರಣ 2020ರ ಡಿಸೆಂಬರ್‌ನಲ್ಲಿ ಈ ಕರಾವಳಿ ಹೊಳೆಗಳಲ್ಲಿ ದೋಣಿಯಿಂದ ಗಾಳ ಹಾಕುವುದನ್ನು ನಿಲ್ಲಿಸಿದರು. ಆಮೇಲೂ ಪ್ರತಿ ಸೀಸನ್ನಿಗೆ ನಿಯಮ ಬದಲಾಗುತ್ತಲೇ ಇದೆ, ಹೊರಡುವ ಮುಂಚೆ ನೋಡಿಕೊಳ್ಳಿ. ದೋಣಿ ಇಲ್ಲ ಅಂದ ಮೇಲೆ ಕಾಲೇ ಗತಿ.

ಬಾಳಿಕೆ ಬಗ್ಗೆ: ಎದೆ, ಸೊಂಟದ ಭಾಗ ಇವತ್ತಿಗೂ ಹೊಸದರ ಹಾಗಿದೆ. ಮೊದಲು ಸೋರಿದ್ದು ಒಳತೊಡೆಯ ಹೊಲಿಗೆ. ನಡೆಯುವಾಗ ಕಾಲಿಗೆ ಕಾಲು ಉಜ್ಜುವ ಜಾಗ ಅದು. ಆಮೇಲೆ ಮಂಡಿ. ದಡದ ಬ್ಲ್ಯಾಕ್‌ಬೆರಿ ಮುಳ್ಳು ಚುಚ್ಚಿ ಆದ ತೂತುಗಳು ಬೇರೆ.

ತೂತು ಹುಡುಕುವುದು ಸುಲಭ. ವೇಡರನ್ನು ಪೂರ್ತಿ ಒಣಗಿಸಿ, ಒಳಮಗ್ಗಲು ಹೊರಗೆ ಬರುವಂತೆ ತಿರುಗಿಸಿ. ಔಷಧಿ ಅಂಗಡಿಯ ಐಸೊಪ್ರೊಪೈಲ್ ಆಲ್ಕೋಹಾಲನ್ನು ಸ್ಪ್ರೇ ಮಾಡಿ. ಬಟ್ಟೆ ಸರಿಯಿದ್ದ ಕಡೆ ಏನೂ ಆಗುವುದಿಲ್ಲ. ತೂತಿದ್ದ ಕಡೆ ಮಾತ್ರ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ ಮೂಡುತ್ತದೆ. ತಕ್ಷಣ ಪೆನ್ನಿನಿಂದ ಸುತ್ತ ಗೆರೆ ಎಳೆಯಿರಿ, ಇಲ್ಲದಿದ್ದರೆ ಆರಿದ ಮೇಲೆ ಚುಕ್ಕೆ ಕಾಣುವುದಿಲ್ಲ. ಒಂದು ತೊಟ್ಟು ಯೂರಿಥೇನ್ ಅಂಟು ಹಚ್ಚಿ, ಬೆರಳಲ್ಲಿ ತೆಳ್ಳಗೆ ಸವರಿ, ರಾತ್ರಿಯಿಡೀ ಬಿಡಿ. ನನ್ನ ಮಂಡಿಯ ಮೇಲೆ ಇಂಥ ಗುರುತು ಸಾಕಷ್ಟಿವೆ, ಒಂದೂ ಮತ್ತೆ ಸೋರಿಲ್ಲ. ನಿಯೋಪ್ರೀನ್ ಪಾದಕ್ಕೆ ಈ ಉಪಾಯ ನಡೆಯುವುದಿಲ್ಲ. ಅದಕ್ಕೆ ಒಳಗೆ ನೀರು ತುಂಬಿಸಿ, ಎಲ್ಲಿ ಜಿನುಗುತ್ತದೆ ಅಂತ ನೋಡಬೇಕು.

ಹೊಲಿಗೆ ಬಿಟ್ಟಾಗ ಒಮ್ಮೆ ಕಂಪನಿಗೆ ಕಳಿಸಿದೆ. ಕೆಲಸ ಅಚ್ಚುಕಟ್ಟಾಗಿತ್ತು, ಆದರೆ ವಾಪಸ್ ಬರುವಷ್ಟರಲ್ಲಿ ಸೀಸನ್ ಮುಗಿಯುತ್ತಾ ಬಂದಿತ್ತು. ಮಾರ್ಚ್ ತಿಂಗಳು ಕಳೆದುಕೊಂಡ ಸಂಕಟ ಸಣ್ಣದಲ್ಲ. ರಿಪೇರಿಗೆ ಬೇಸಿಗೆಯಲ್ಲೇ ಕಳಿಸಿ.

ಬೂಟು ಒಂದು ಸೈಜ್ ದೊಡ್ಡದಿರಲಿ. ಬಿಗಿಯಾದರೆ ರಕ್ತ ಓಡಾಡದೆ ಬೆರಳು ಮರಗಟ್ಟುತ್ತದೆ, ಎಷ್ಟು ಉಣ್ಣೆ ಸಾಕ್ಸ್ ಹಾಕಿದರೂ ಅಷ್ಟೇ. ಒಳಗೆ ಜೀನ್ಸ್ ಬೇಡವೇ ಬೇಡ, ಫ್ಲೀಸ್ ಪ್ಯಾಂಟ್ ಹಾಕಿ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಬೂಟಿನ ಬರೀ ರಬ್ಬರ್ ಅಡಿಗಿಂತ ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ಅಡಿ ಚೆನ್ನಾಗಿ ಹಿಡಿಯುತ್ತದೆ, ನಿಜ. ಆದರೆ ಫೆಲ್ಟ್ ಬೇಗ ಒಣಗುವುದಿಲ್ಲ, ಒಂದು ಹೊಳೆಯ ಪಾಚಿ, ಹುಳುಗಳನ್ನು ಇನ್ನೊಂದಕ್ಕೆ ಸಾಗಿಸುತ್ತದೆ. ಅದಕ್ಕೇ ಕೆಲವು ರಾಜ್ಯಗಳು ಅದನ್ನು ನಿಷೇಧಿಸಿದವು. ನಾನು ರಬ್ಬರ್ ಅಡಿಗೆ ಕಾರ್ಬೈಡ್ ಮೊಳೆ ಹಾಕಿಸಿದ್ದೇನೆ. ಹೋ ಹೊಳೆಯ ಉರುಟು ಕಲ್ಲಿನ ಮೇಲೆ ಅದು ಸಾಕು. ಸೊಂಟದ ಬೆಲ್ಟ್ ಬಿಗಿಯದೆ ಮಾತ್ರ ನೀರಿಗೆ ಇಳಿಯಬೇಡಿ. ಬಿದ್ದರೆ ಕಾಲಿನ ಭಾಗಕ್ಕೆ ನೀರು ನುಗ್ಗುವುದನ್ನು ತಡೆಯುವುದು ಅದೇ.

ಮಂಡಿ ಯಾಕೆ ಇಷ್ಟು ಸವೆಯಿತು ಅಂದರೆ, ಮೀನು ಬಿಡುವುದೇ ಮಂಡಿಯೂರಿ. ಬೆನ್ನಿನ ಮೇಲೆ ಬಾಲದ ಹತ್ತಿರ ಪುಟ್ಟದೊಂದು ರೆಕ್ಕೆ ಇದ್ದರೆ ಅದು ಕಾಡು ಮೀನು. ಸಾಕಿ ಬಿಟ್ಟ ಮೀನಿಗೆ ಆ ರೆಕ್ಕೆ ಕತ್ತರಿಸಿರುತ್ತಾರೆ. ಕಾಡು ಮೀನನ್ನು ಇಟ್ಟುಕೊಳ್ಳುವ ಹಾಗಿಲ್ಲ, ನೀರಿನಿಂದ ಪೂರ್ತಿ ಮೇಲೆತ್ತುವ ಹಾಗೂ ಇಲ್ಲ. ಫೋಟೋಗೆ ಅಂತ ಸುಮ್ನೆ ಎತ್ತಿ ಹಿಡಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೀರಲ್ಲೇ ಕೂತು, ಬಾಲದ ಬುಡ ಹಿಡಿದು, ತಲೆಯನ್ನು ಸೆಳವಿಗೆ ಎದುರಾಗಿ ಇಟ್ಟರೆ ಅದು ಸುಧಾರಿಸಿಕೊಂಡು ತಾನೇ ಹೋಗುತ್ತದೆ. ಸೋರುವ ವೇಡರ್‌ನಲ್ಲಿ ಯಾರಿಗೂ ಅಷ್ಟು ಹೊತ್ತು ಕೂರುವ ತಾಳ್ಮೆ ಇರುವುದಿಲ್ಲ.

ಬೇಸಿಗೆಯ ಮೀನಿಗೆ ಮಾತ್ರ ಹೋಗುವವರಿಗೆ ಇಷ್ಟು ಬೆಲೆಯದು ಬೇಡ, 200 ಡಾಲರ್ ಒಳಗಿನದು ಸಾಕು. ಚಳಿಗಾಲಕ್ಕೆ ತಗೊಳ್ಳುವವರು ಅಂಗಡಿಯಲ್ಲೇ ಫ್ಲೀಸ್ ಪ್ಯಾಂಟ್ ಮೇಲೆ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತು ನೋಡಿ. ಒಳತೊಡೆಯ ಹೊಲಿಗೆ ಎಳೆದಂತಾದರೆ ಮುಂದಿನ ಸೈಜ್ ಕೇಳಿ.